ತುಂಡಾದ ವೈರು: ಗಂಟು ಹಾಕಬೇಕೆ, ಕಿತ್ತು ಬದಲಿಸಬೇಕೆ?

ಮಿಕ್ಸಿಯ ವೈರು ಪ್ಲಗ್ಗಿನ ಬುಡದಲ್ಲಿ ಸೀಳಿ ಒಳಗಿನ ತಾಮ್ರ ಇಣುಕುತ್ತಿರುತ್ತದೆ. ಅಟ್ಟದ ಮೇಲೆ ಇಲಿ ಕಡಿದ ವೈರಿನ ಸಿಪ್ಪೆ ಉದುರಿ ಬಿದ್ದಿರುತ್ತದೆ. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದರೆ ಕಿಡಿ ಹಾರಿ ಅರ್ಧ ಮನೆ ಕತ್ತಲಾಗುತ್ತದೆ. ಈ ಮೂರರಲ್ಲಿ ಒಂದನ್ನಾದರೂ ಕಾಣದ ಮನೆ ಅಪರೂಪ. ಮೂರಕ್ಕೂ ನಮ್ಮಲ್ಲಿ ನಡೆಯುವ ಮದ್ದು ಒಂದೇ. ಎರಡು ತುದಿ ಸುಲಿಯುವುದು, ಬೆರಳಲ್ಲಿ ಹೊಸೆಯುವುದು, ಮೇಲೆ ಕಪ್ಪು ಟೇಪ್ ಸುತ್ತುವುದು. ಐದು ನಿಮಿಷದಲ್ಲಿ ಕರೆಂಟ್ ಬರುತ್ತದೆ, ಗಂಟು ಗೋಡೆಯೊಳಗೋ ಅಟ್ಟದ ಮೇಲೋ ಮರೆತುಹೋಗುತ್ತದೆ.

ಟೇಪಿನಡಿಯ ಆ ಗಂಟು ಸುರಕ್ಷಿತವೇ ಎಂಬ ಪ್ರಶ್ನೆಗೆ ನೂರು ವರ್ಷಗಳಿಂದ ಬೇರೆ ಬೇರೆ ಉತ್ತರ ಬಂದಿವೆ. ಗಂಟೇ ಕೂಡದು ಎನ್ನುವ ಎಂಜಿನಿಯರುಗಳಿದ್ದಾರೆ. ಸರಿಯಾಗಿ ಹಾಕಿದ ಗಂಟು ವೈರಿಗಿಂತ ಗಟ್ಟಿ ಎನ್ನುವ ಕುಶಲಕರ್ಮಿಗಳಿದ್ದಾರೆ. ಗಂಟು ಹೇಗೂ ಇದ್ದೇ ಇರುತ್ತದೆ, ಅದು ಕೆಟ್ಟಾಗ ಪ್ರಾಣ ಉಳಿಸುವ ಸಾಧನ ಮೊದಲು ಹಾಕಿ ಎನ್ನುವವರು ಇನ್ನೊಂದು ಕಡೆ. ಯಾರು ಕೈಹಾಕಬೇಕು ಎಂಬ ಕಾನೂನಿನ ಜಗಳ ಬೇರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಕರೆಂಟ್ ಹೊಡೆದು ಸಾಯುತ್ತಿದ್ದಾರೆ. ಹೊಲ, ಕಂಬ, ಕಾರ್ಖಾನೆ, ಮನೆ ಎಲ್ಲವೂ ಸೇರಿದ ಸಂಖ್ಯೆ ಇದು. ಇಷ್ಟು ಸಾವಿನ ನಡುವೆ ಈ ಪ್ರಶ್ನೆಯನ್ನು ಪೂರ್ತಿಯಾಗಿ ಒಮ್ಮೆ ನೋಡಬೇಕು.

ತಂತಿ ಕಚೇರಿಯಿಂದ ಅಡುಗೆಮನೆಗೆ

ತಂತಿ ಕೂಡಿಸುವ ವಿದ್ಯೆ ಮನೆಯ ಕರೆಂಟಿಗಿಂತ ಹಳೆಯದು. 19ನೇ ಶತಮಾನದ ಟೆಲಿಗ್ರಾಫ್ ಕಂಪನಿಗಳು ಮೈಲುಗಟ್ಟಲೆ ತಂತಿ ಎಳೆಯುವಾಗ ಎಳೆತಕ್ಕೆ ಜಗ್ಗದ ಗಂಟು ಬೇಕಾಯಿತು. ಅಮೆರಿಕದ ವೆಸ್ಟರ್ನ್ ಯೂನಿಯನ್ ಕಂಪನಿಯ ಹೆಸರಿನ ಜಾಯಿಂಟ್ ಹುಟ್ಟಿದ್ದು ಹಾಗೆ: ಎರಡು ತಂತಿಯನ್ನು ಒಂದರ ಮೇಲೊಂದು ಹಾಯಿಸಿ, ಪ್ರತಿಯೊಂದರ ತುದಿಯನ್ನು ಇನ್ನೊಂದರ ಮೈಗೆ ಬಿಗಿಯಾಗಿ ಸುತ್ತುವುದು. ಎಳೆದಷ್ಟೂ ಅದು ಬಿಗಿಯುತ್ತದೆ. ಬ್ರಿಟಾನಿಯಾ ಜಾಯಿಂಟಿನಲ್ಲಿ ಎರಡು ತಂತಿಯನ್ನು ಜೋಡಿಸಿಟ್ಟು ತೆಳುವಾದ ತಂತಿಯಿಂದ ಸುತ್ತಿ ಬೆಸುಗೆ ಹಾಕುತ್ತಿದ್ದರು. ನಮ್ಮ ಐಟಿಐಗಳ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳು ಇವತ್ತಿಗೂ ಮೊದಲ ತಿಂಗಳುಗಳಲ್ಲಿ ಇವನ್ನೇ ಕಲಿಯುತ್ತಾರೆ.

ಶಿವನಸಮುದ್ರದ ಕರೆಂಟ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆ ಕಾಲದ ಮನೆಗಳ ವೈರಿಗೆ ರಬ್ಬರಿನ ಹೊದಿಕೆ. ರಬ್ಬರ್ ಹದಗೊಳಿಸಲು ಬಳಸಿದ ಗಂಧಕ ತಾಮ್ರವನ್ನು ತಿನ್ನದಿರಲೆಂದು ತಂತಿಗೆ ತವರದ ಲೇಪ ಇರುತ್ತಿತ್ತು. ವೈರು ಮರದ ಕೇಸಿಂಗ್ ಕ್ಯಾಪಿಂಗ್ ಒಳಗೋ ಬ್ಯಾಟನ್ ಪಟ್ಟಿಯ ಮೇಲೋ ಓಡುತ್ತಿತ್ತು. ಮುಚ್ಚಳ ತೆಗೆದರೆ, ತಲೆ ಎತ್ತಿದರೆ ಗಂಟು ಕಣ್ಣಿಗೆ ಬೀಳುತ್ತಿತ್ತು. ಹಳೆಯ ಮನೆಗಳ ಈ ಒಂದು ಅನುಕೂಲ ಆಮೇಲೆ ಕೈತಪ್ಪಿತು. ಎರಡನೇ ಮಹಾಯುದ್ಧದ ನಂತರ ರಬ್ಬರಿನ ಜಾಗಕ್ಕೆ ಪಿವಿಸಿ ಬಂತು, ಆಮೇಲೆ ಪೈಪುಗಳು ಗೋಡೆಯೊಳಗೆ ಹೋದವು, ಗಂಟುಗಳೂ ಪ್ಲಾಸ್ಟರಿನ ಹಿಂದೆ ಸೇರಿಕೊಂಡವು. ಪಿವಿಸಿ ಟೇಪು ಕೂಡ ಇದೇ ಕಾಲದ್ದು. ಅಮೆರಿಕದ 3ಎಂ ಕಂಪನಿ ಅದನ್ನು 1940ರ ದಶಕದಲ್ಲಿ ರೂಪಿಸಿತು. ಬೆಸುಗೆ ಬೇಡುವ ಕೆಲಸ ಟೇಪಿನಲ್ಲಿ ಮುಗಿಯತೊಡಗಿತು. ಇವತ್ತಿನ ಚರ್ಚೆಯ ಬೇರು ಈ ಎರಡು ಬದಲಾವಣೆಗಳಲ್ಲಿದೆ.

ಬಡವರ ಮನೆಯ ಕಥೆ ಸ್ವಲ್ಪ ಬೇರೆ. ಭಾಗ್ಯಜ್ಯೋತಿ ಯೋಜನೆ ಗುಡಿಸಲುಗಳಿಗೆ ಕೊಟ್ಟದ್ದು ಒಂದು ಬಲ್ಬಿನ ಸಂಪರ್ಕ. ದೀಪಕ್ಕೆಂದು ಎಳೆದ ಒಂದು ಪಾಯಿಂಟಿನಿಂದ ಟಿವಿಗೆ, ಫ್ಯಾನಿಗೆ, ಮೊಬೈಲ್ ಚಾರ್ಜರಿಗೆ, ಕೊನೆಗೆ ಮಿಕ್ಸಿಗೆ ಸಂಪರ್ಕ ಬೇಕಾದಾಗ ಗಂಟಿನ ಮೇಲೆ ಗಂಟು ಬೀಳುವುದು ಸಹಜವೇ. ಪೂರ್ತಿ ಹೊಸ ವೈರಿಂಗ್ ಮಾಡಿಸಿ ಎಂದು ಅಂಥ ಮನೆಗೆ ಹೇಳುವವರು ಅದರ ಖರ್ಚನ್ನೂ ನೆನಪಿಡಬೇಕು.

ಗಂಟು ಬಿಸಿಯಾಗುವುದು ಹೇಗೆ

ಯಾವ ಪಂಥದವರಾದರೂ ಒಪ್ಪುವ ಭೌತಶಾಸ್ತ್ರ ಒಂದಿದೆ. ಎರಡು ಲೋಹದ ತುದಿ ತಾಗಿದಾಗ ಅವು ಪೂರ್ತಿ ಮೈಯಲ್ಲಿ ತಾಗುವುದಿಲ್ಲ, ಕೆಲವೇ ಚುಕ್ಕೆಗಳಲ್ಲಿ ತಾಗುತ್ತವೆ. ಕರೆಂಟ್ ಆ ಚುಕ್ಕೆಗಳ ಮೂಲಕ ಮಾತ್ರ ನುಗ್ಗುವುದರಿಂದ ಅಲ್ಲಿ ತಡೆ ಹೆಚ್ಚು, ತಡೆ ಇದ್ದಲ್ಲಿ ಬಿಸಿ. ಆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಒಂದು ಸಡಿಲ ಗಂಟಿನ ತಡೆ 0.1 ಓಮ್ ಎಂದಿಟ್ಟುಕೊಳ್ಳೋಣ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಎಳೆಯುವುದು 0.04 ಆಂಪಿಯರ್, ಗಂಟಿನಲ್ಲಿ ಹುಟ್ಟುವ ಬಿಸಿ ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅದೇ ಗಂಟಿನ ಮೂಲಕ 3,000 ವ್ಯಾಟಿನ ಗೀಸರ್ ನಡೆದರೆ 13 ಆಂಪಿಯರ್ ಹರಿಯುತ್ತದೆ, ಗಂಟಿನಲ್ಲಿ ಸುಮಾರು 17 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕೆ ಹತ್ತಿರದ ಬಿಸಿಯನ್ನು ಗೋಡೆಯೊಳಗೆ ಟೇಪ್ ಸುತ್ತಿ ಇಟ್ಟಂತಾಯಿತು. ‘ಇಪ್ಪತ್ತು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ’ ಎಂಬ ಮಾತು ದೀಪದ ವೈರಿನ ಮಟ್ಟಿಗೆ ನಿಜವಿರಬಹುದು. ಅದೇ ವೈರಿಗೆ ಇಂಡಕ್ಷನ್ ಒಲೆಯೋ ಎಸಿಯೋ ಸೇರಿದ ದಿನ ಆ ಇಪ್ಪತ್ತು ವರ್ಷಕ್ಕೆ ಬೆಲೆ ಇಲ್ಲ.

ಮನೆ ವೈರಿನ ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿದರೆ ಹೊದಿಕೆ ಮೆದುವಾಗಿ, ಆಮೇಲೆ ಗಡಸಾಗಿ ಬಿರಿಯುತ್ತದೆ. ಟೇಪಿನ ಅಂಟು ಕರಗಿ ಜಾರುತ್ತದೆ. ತಾಮ್ರದ ಮೇಲೆ ಆಕ್ಸೈಡ್ ಕೂರುತ್ತದೆ, ತಡೆ ಮತ್ತಷ್ಟು ಏರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸಡಿಲ ಸಂಪರ್ಕಗಳು ಕೆಂಪಗೆ ಕಾದು ಹೊಳೆಯುವುದನ್ನು ತೋರಿಸಿದರು. ಆಗಲೂ ಫ್ಯೂಸ್ ಹೋಗಲಿಲ್ಲ. ಕಾದ ಗಂಟು ಹೆಚ್ಚು ಕರೆಂಟ್ ಎಳೆಯುವುದಿಲ್ಲವಲ್ಲ. ಗೀಸರಿಗೆ ಬೇಕಾದ ಮಾಮೂಲಿ ಕರೆಂಟೇ ಅದರ ಮೂಲಕವೂ ಹೋಗುತ್ತಿರುತ್ತದೆ. ಫ್ಯೂಸಿನ ಜಾಗಕ್ಕೆ ಬಂದ ಎಂಸಿಬಿಗೂ ತಪ್ಪು ಕಾಣುವ ದಾರಿಯೇ ಇಲ್ಲ.

ಗಂಟೇ ಬೇಡ ಎನ್ನುವವರು

ಇದನ್ನು ಬಲ್ಲವರು ಕಟ್ಟಿದ ಮೊದಲ ಪಂಥ ಕಟ್ಟುನಿಟ್ಟಿನದು. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿದ್ಯುತ್ ಕಾಮಗಾರಿ ನಿರ್ದಿಷ್ಟತೆಗಳು ಕಟ್ಟಡದ ಒಳಗಿನ ವೈರಿಂಗಿಗೆ ಲೂಪಿಂಗ್ ಪದ್ಧತಿಯನ್ನು ಕೇಳುತ್ತವೆ: ವೈರು ಒಂದು ಸ್ವಿಚ್ ಬಾಕ್ಸಿನಿಂದ ಇನ್ನೊಂದಕ್ಕೆ ತುಂಡಾಗದೆ ಓಡಬೇಕು, ಕೂಡಿಕೆ ಏನಿದ್ದರೂ ಸ್ವಿಚ್ಚಿನ, ಹೋಲ್ಡರಿನ, ಬಾಕ್ಸಿನ ಸ್ಕ್ರೂಗಳಲ್ಲೇ ಆಗಬೇಕು, ಪೈಪಿನ ನಡುವೆ ಹೊಸೆದ ಗಂಟು ಇರಕೂಡದು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಉಪಕರಣಗಳ ಮೆದು ವೈರನ್ನು ಗಂಟಿಲ್ಲದೆ ಒಂದೇ ಉದ್ದದಲ್ಲಿ ಬಳಸಬೇಕೆನ್ನುತ್ತದೆ. ಗಟ್ಟಿ ಕೆಲಸದ ದಪ್ಪ ವೈರುಗಳಿಗೆ ಮಾತ್ರ ಷರತ್ತಿನ ವಿನಾಯಿತಿ ಇದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಕೈಪಿಡಿಯಲ್ಲೂ ಒಂದು ವಾಕ್ಯ ತಪ್ಪದೆ ಇರುತ್ತದೆ: ವೈರು ಹಾಳಾದರೆ ಅಪಾಯ ತಪ್ಪಿಸಲು ತಯಾರಕರೋ ಅವರ ಸೇವಾ ಕೇಂದ್ರವೋ ಅಂಥದೇ ಅರ್ಹತೆಯುಳ್ಳವರೋ ಅದನ್ನು ಬದಲಿಸಬೇಕು.

ಮೆದು ವೈರಿನ ವಿಷಯದಲ್ಲಿ ಈ ಪಂಥದ ವಾದಕ್ಕೆ ಎದುರಿಲ್ಲ. ಇಸ್ತ್ರಿಪೆಟ್ಟಿಗೆಯ ವೈರು ಕೂದಲಿನಷ್ಟು ತೆಳು ಎಳೆಗಳ ಕಟ್ಟು. ದಿನಕ್ಕೆ ನೂರು ಬಾರಿ ಅದು ಬಾಗುತ್ತದೆ, ತಿರುಚುತ್ತದೆ, ಎಳೆಸಿಕೊಳ್ಳುತ್ತದೆ. ಗಂಟಿನ ಜಾಗ ಗಡಸಾದ್ದರಿಂದ ಬಾಗುವ ಭಾರವೆಲ್ಲ ಅದರ ಅಂಚಿಗೆ ಬೀಳುತ್ತದೆ, ಎಳೆಗಳು ಅಲ್ಲೇ ಒಂದೊಂದಾಗಿ ತುಂಡಾಗುತ್ತವೆ. ಉಳಿದ ಎಳೆಗಳ ಮೇಲೆ ಪೂರ್ತಿ ಕರೆಂಟ್ ಬೀಳುತ್ತದೆ. ಟೇಪ್ ಬಿಚ್ಚಿಕೊಂಡರೆ ತಾಮ್ರ ಕೈಗೇ ಸಿಗುತ್ತದೆ.

ಗೋಡೆಯೊಳಗಿನ ವೈರಿಗೆ ಬಂದಾಗ ವಾದ ತುಸು ಸಡಿಲವಾಗುತ್ತದೆ. ಅಲ್ಲಿ ವೈರು ಅಲುಗಾಡುವುದಿಲ್ಲ. ಮೊಳೆ ತಾಗಿದ ಒಂದೇ ಜಾಗಕ್ಕಾಗಿ ಪೈಪಿನ ಪೂರ್ತಿ ಉದ್ದ ಹೊಸ ವೈರು ಎಳೆಯಲು ಹೋದರೆ, ಸಿಮೆಂಟು ನುಗ್ಗಿದ ಪೈಪಿನಲ್ಲಿ ಹಳೆಯದೂ ಬರದೆ ಹೊಸದೂ ಹೋಗದೆ ಗೋಡೆಯನ್ನೇ ಒಡೆಯಬೇಕಾದೀತು.

ಒಳ್ಳೆಯ ಗಂಟಿನ ಪಂಥ

ಎರಡನೇ ಪಂಥ ಕುಶಲಕರ್ಮಿಗಳದು. ಅವರ ಬಲವಾದ ಸಾಕ್ಷಿ ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳಲ್ಲಿದೆ. ಸಾವಿರ ಅಡಿ ಆಳಕ್ಕೆ ಇಳಿಸಿದ ಸಬ್‌ಮರ್ಸಿಬಲ್ ಮೋಟರಿನ ಕೇಬಲ್ ಅನ್ನು ಮೆಕ್ಯಾನಿಕ್‌ಗಳು ಕೈಯಿಂದಲೇ ಕೂಡಿಸುತ್ತಾರೆ. ಮೂರು ಎಳೆಗಳನ್ನು ಒಂದೇ ಕಡೆ ಗಂಟಾಗದಂತೆ ಮೇಲೆ ಕೆಳಗೆ ಸರಿಸಿ ಕತ್ತರಿಸುತ್ತಾರೆ, ತಾಮ್ರವನ್ನು ಉಜ್ಜಿ ಬೆಸೆಯುತ್ತಾರೆ ಅಥವಾ ಕೊಳವೆಯಲ್ಲಿ ಒತ್ತುತ್ತಾರೆ, ಮೊದಲು ರಬ್ಬರ್ ಟೇಪ್, ಮೇಲೆ ಪಿವಿಸಿ ಟೇಪ್, ಅರ್ಧರ್ಧ ಒಂದರ ಮೇಲೊಂದು ಬರುವಂತೆ ಸುತ್ತುತ್ತಾರೆ. 415 ವೋಲ್ಟಿನ ಆ ಗಂಟು ವರ್ಷಗಟ್ಟಲೆ ನೀರೊಳಗೆ ಕೆಲಸ ಮಾಡುತ್ತದೆ. ಗಂಟು ಎಂಬುದೇ ದೋಷ ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಬೆಸುಗೆಗೂ ಮಿತಿ ಇದೆ. ಸೀಸ–ತವರದ ಮಿಶ್ರಣ 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಆದ್ದರಿಂದ ಬಲ ಕೊಡಬೇಕಾದದ್ದು ಸುತ್ತಿದ ತಂತಿ, ಬೆಸುಗೆ ಅದರ ಮೇಲಿನ ರಕ್ಷಣೆ ಮಾತ್ರ ಎಂದು ಹಳೆಯ ಗುರುಗಳು ಹೇಳಿಕೊಡುತ್ತಿದ್ದರು. ಎಳೆಗಳಿಗೆ ಬೆಸುಗೆ ಬಳಿದು ಪ್ಲಗ್ಗಿನ ಸ್ಕ್ರೂ ಕೆಳಗೆ ಬಿಗಿಯುವ ರೂಢಿ ಮಾತ್ರ ತಪ್ಪು. ಬೆಸುಗೆಯ ಮೆದು ಲೋಹ ಒತ್ತಡಕ್ಕೆ ನಿಧಾನವಾಗಿ ಹರಿದು ಸ್ಕ್ರೂ ಸಡಿಲವಾಗುತ್ತದೆ.

ಬೆಸುಗೆಯ ಶ್ರಮ ತಪ್ಪಿಸಲು ಬಂದವು ಕನೆಕ್ಟರುಗಳು. ಕೆನಡಾದ ವಿಲಿಯಂ ಮಾರ್ 1914ರ ಸುಮಾರಿಗೆ ಬೆಸುಗೆಯಿಲ್ಲದೆ ತಂತಿ ಒತ್ತಿಹಿಡಿಯುವ ಸಾಧನ ರೂಪಿಸಿದ. ಉತ್ತರ ಅಮೆರಿಕದ ಮನೆಗಳು ಇಂದಿಗೂ ಅದರ ವಂಶದ ತಿರುಗಿಸುವ ಟೊಪ್ಪಿಗಳ ಮೇಲೆ ನಿಂತಿವೆ. ಜರ್ಮನಿಯ ಮಿಂಡೆನ್ ಪಟ್ಟಣದಲ್ಲಿ 1951ರಲ್ಲಿ ಹುಟ್ಟಿದ ವ್ಯಾಗೊ ಕಂಪನಿ ಸ್ಕ್ರೂ ಬದಲು ಸ್ಪ್ರಿಂಗ್ ತಂದಿತು. ಸ್ಪ್ರಿಂಗಿನ ಒತ್ತಡ ಬಿಸಿ–ತಂಪಿನ ಹಿಗ್ಗು ಕುಗ್ಗಿನಲ್ಲೂ ಉಳಿಯುತ್ತದೆ, ಕಟ್ಟುವವನ ಕೈಬಲದ ಮೇಲೆ ಅದು ನಿಂತಿಲ್ಲ. ಸನ್ನೆ ಎತ್ತಿ ತಂತಿ ತೂರಿಸಿ ಮುಚ್ಚುವ ಅಂಥ ಕನೆಕ್ಟರುಗಳು ಈಗ ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ, ಅವುಗಳ ಅಗ್ಗದ ನಕಲುಗಳೂ ಸಿಗುತ್ತವೆ.

ಗಂಟು ಎಲ್ಲಿರಬೇಕು ಎಂಬುದಕ್ಕೆ ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಒಂದು ಒಳ್ಳೆಯ ಗೆರೆ ಎಳೆದಿದೆ: ಪ್ರತಿ ಕೂಡಿಕೆಯೂ ಪರೀಕ್ಷೆಗೆ, ದುರಸ್ತಿಗೆ ಕೈಗೆಟುಕುವಂತಿರಬೇಕು. ಬೆಸುಗೆ ಹಾಕಿದ, ಸರಿಯಾದ ಉಪಕರಣದಿಂದ ಒತ್ತಿದ, ರಾಳ ತುಂಬಿದ, ಅಥವಾ ನಿರ್ವಹಣೆ ಬೇಡವೆಂದು ಪ್ರಮಾಣಿತವಾದ ಕೂಡಿಕೆಗಳಿಗೆ ಮಾತ್ರ ವಿನಾಯಿತಿ. ಸ್ಕ್ರೂ ಕನೆಕ್ಟರನ್ನು ಪ್ಲಾಸ್ಟರಿನ ಹಿಂದೆ ಹೂಳುವಂತಿಲ್ಲ. ಎರಡು ಪಂಥಗಳ ನಡುವೆ ಇದಕ್ಕಿಂತ ಉತ್ತಮ ರಾಜಿ ಕಾಣುವುದಿಲ್ಲ. ವೈರಿಗೆ ಗಂಟು ಬಿದ್ದರೆ ಬೀಳಲಿ, ಅದು ಮುಚ್ಚಳವಿರುವ ಬಾಕ್ಸಿನೊಳಗೆ, ತೆರೆದು ನೋಡುವಂತೆ ಇರಲಿ.

ಸರಿಯಾದ ಉಪಕರಣ ಎಂಬ ಮಾತಿನ ಬೆಲೆ ದೆಹಲಿ ತೆತ್ತಿದೆ. 1997ರ ಜೂನ್ 13ರಂದು ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಕಟ್ಟಡದ ನೆಲಮಟ್ಟದಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಅದೇ ಬೆಳಗ್ಗೆ ದುರಸ್ತಿ ಮಾಡಿದ್ದರು. ಕೇಬಲ್ಲಿನ ತುದಿಗೆ ಸಾಕೆಟ್ ಕೂರಿಸಲು ಒತ್ತುವ ಯಂತ್ರ ಬಳಸದೆ ಸುತ್ತಿಗೆಯಿಂದ ಬಡಿದಿದ್ದರೆಂದೂ, ಸಡಿಲವಾದ ಆ ಸಂಪರ್ಕ ಕಿಡಿ ಕಾರಿತೆಂದೂ ನ್ಯಾಯಾಲಯದ ಮುಂದೆ ಬಂತು. ಅದು ಮನೆಯ ವೈರಲ್ಲ, ನಿಜ. ಆದರೆ ಅಷ್ಟು ದೊಡ್ಡ ದುರಂತದ ಮೊದಲ ಕೊಂಡಿ ಅವಸರದ ಒಂದು ಕೂಡಿಕೆಯಾಗಿತ್ತು.

ಅಲ್ಯೂಮಿನಿಯಂ ಎಂಬ ಕಗ್ಗಂಟು

ತಾಮ್ರ ದುಬಾರಿಯಾಗಿದ್ದ ದಶಕಗಳಲ್ಲಿ ಭಾರತದ ಮನೆಗಳಿಗೆ ಅಲ್ಯೂಮಿನಿಯಂ ವೈರು ಬಂತು. ಅಮೆರಿಕದಲ್ಲೂ 1965ರಿಂದ 1973ರವರೆಗೆ ಹಾಗೇ ಆಯಿತು. ಗಾಳಿ ತಾಗಿದ ಕ್ಷಣವೇ ಅಲ್ಯೂಮಿನಿಯಂ ಮೇಲೆ ಕರೆಂಟ್ ಹರಿಸದ ಆಕ್ಸೈಡ್ ಪೊರೆ ಕೂರುತ್ತದೆ. ಬಿಸಿಗೆ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸ್ಕ್ರೂವಿನ ಒತ್ತಡಕ್ಕೆ ಹರಿದು ಸಡಿಲಾಗುತ್ತದೆ, ತೇವದಲ್ಲಿ ತಾಮ್ರಕ್ಕೆ ತಾಗಿದರೆ ಸವೆಯುತ್ತದೆ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದು ಇಬ್ಬರು ಸತ್ತ ಮೇಲೆ ತನಿಖೆ ಬಿರುಸಾಯಿತು. 1972ಕ್ಕೆ ಮೊದಲಿನ ಅಲ್ಯೂಮಿನಿಯಂ ವೈರಿಂಗಿನ ಮನೆಗಳಲ್ಲಿ ಸಂಪರ್ಕಗಳು ಬೆಂಕಿಯ ಅಪಾಯದ ಮಟ್ಟಕ್ಕೆ ಮುಟ್ಟುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳಿತು. ಪೂರ್ತಿ ತಾಮ್ರಕ್ಕೆ ಬದಲಿಸುವುದು, ಇಲ್ಲವೇ ಎರಡು ಬಗೆಯ ವಿಶೇಷ ಕನೆಕ್ಟರುಗಳಲ್ಲಿ ಒಂದನ್ನು ಬಳಸುವುದು, ಇಷ್ಟನ್ನೇ ಅದು ಶಾಶ್ವತ ದುರಸ್ತಿ ಎಂದು ಒಪ್ಪಿತು.

ನಮ್ಮಲ್ಲಿ ಹಳೆಯ ಅಲ್ಯೂಮಿನಿಯಂ ವೈರಿನ ತುದಿಗೆ ಹೊಸ ತಾಮ್ರದ ವೈರು ಹೊಸೆದು ಟೇಪ್ ಸುತ್ತುವುದು ಈಗಲೂ ನಡೆಯುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಇಂಥ ಗಂಟು ಬಾಳುತ್ತದೆಂದು ಯಾವ ಪಂಥವೂ ಹೇಳುವುದಿಲ್ಲ.

ಕಾವಲು ಮೊದಲು ಎನ್ನುವವರು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್‌ಝಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಎಷ್ಟು ಕರೆಂಟಿಗೆ ಬರುತ್ತದೆಂದು ಅಳೆದ. ಸರಾಸರಿ ಗಂಡಸರಿಗೆ ಅದು 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಮನೆಯ 16 ಆಂಪಿಯರಿನ ಎಂಸಿಬಿ ಅದರ ಸಾವಿರ ಪಟ್ಟು ಕರೆಂಟನ್ನು ಮಾಮೂಲಿ ಎಂದೇ ಬಿಡುತ್ತದೆ. ಎಂಸಿಬಿ ಇರುವುದು ವೈರನ್ನು ಕಾಯಲು. ಮನುಷ್ಯನನ್ನು ಕಾಯುವ, ಸೋರಿಕೆ ಕಂಡೊಡನೆ ಸರಬರಾಜು ಕಡಿಯುವ ಸಾಧನವನ್ನು ಡಾಲ್‌ಝಿಯಲ್ 1961ರಲ್ಲಿ ಅಮೆರಿಕಕ್ಕಾಗಿ ರೂಪಿಸಿದ. ಭಾರತದಲ್ಲಿ ಸಿಗುವ ಅದರ ಸೋದರ ಆರ್‌ಸಿಸಿಬಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲ್ಲಿನಲ್ಲಿ ಮರಳಿದ ಕರೆಂಟೂ ಸಮವಿಲ್ಲದಿದ್ದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳುತ್ತದೆ.

ಇಂಥ ಸಾಧನ ಮೊದಲು ಹಾಕಿ ಎನ್ನುವ ಮೂರನೇ ಪಂಥದ ವಾದ ಸರಳ. ಕೋಟ್ಯಂತರ ಮನೆಗಳ ಗಂಟುಗಳನ್ನು ಯಾರೂ ಹುಡುಕಿ ಸರಿಪಡಿಸಲಾರರು, ಬೋರ್ಡಿನಲ್ಲಿ ಒಂದು ಸಾಧನ ಕೂರಿಸಬಲ್ಲರು. ಸಾವು ತಡೆಯುವ ಮಟ್ಟಿಗೆ ಈ ವಾದಕ್ಕೆ ಅಗ್ರಸ್ಥಾನ ಸಲ್ಲಬೇಕು. ಆದರೂ ಆರ್‌ಸಿಸಿಬಿಗೆ ಕುರುಡು ಜಾಗಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಬಲ್ಬೆಂದೇ ತಿಳಿಯುತ್ತದೆ. ಗೋಡೆಯೊಳಗೆ ಕೆಂಪಗೆ ಕಾದ ಗಂಟಿನಿಂದ ಸೋರಿಕೆ ಇಲ್ಲದಿದ್ದರೆ ಅದು ಬೀಳುವುದಿಲ್ಲ. ಎರಡು ಸರ್ಕಿಟ್ಟಿಗೆ ಒಂದೇ ನ್ಯೂಟ್ರಲ್ ಹಂಚಿಕೊಂಡ ಹಳೆಯ ಮನೆಗಳಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ, ಬೇಸತ್ತವರು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟುಬಿಡುತ್ತಾರೆ. ಗಂಟಿನ ಕಿಡಿಯನ್ನೇ ಗುರುತಿಸುವ ಸಾಧನಗಳನ್ನು ಅಮೆರಿಕದ ಸಂಹಿತೆ 1999ರ ಆವೃತ್ತಿಯಿಂದ ಮಲಗುವ ಕೋಣೆಗಳಿಗೆ ಕೇಳತೊಡಗಿತು. ನಮ್ಮ ಮನೆಗಳಲ್ಲಿ ಅವು ಇನ್ನೂ ವಿರಳ.

ಯಾರ ಕೈ ಕೆಲಸ?

1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಯ ಉಪಕರಣಗಳಂಥವನ್ನು ಅವುಗಳ ಸಾಮರ್ಥ್ಯ ಕೆಡದಂತೆ ಬದಲಿಸಲು ಬಿಟ್ಟಿತು. ಉಳಿದ ವೈರಿಂಗ್ ಕೆಲಸ, ದುರಸ್ತಿಯೂ ಸೇರಿ, ಪರವಾನಗಿ ಇರುವ ಗುತ್ತಿಗೆದಾರನ ಮೂಲಕ, ಅರ್ಹತಾ ಪತ್ರ ಇದ್ದವರ ಉಸ್ತುವಾರಿಯಲ್ಲೇ ಆಗಬೇಕೆಂದಿತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳೂ ಇದೇ ದಾರಿ ಹಿಡಿದವು. ಕರ್ನಾಟಕದಲ್ಲಿ ಪರವಾನಗಿ, ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅಂದರೆ ಗೋಡೆಯೊಳಗಿನ ವೈರಿಗೆ ಮನೆಯವರೇ ಗಂಟು ಹಾಕುವುದು ಕಾನೂನಿನ ಕಣ್ಣಲ್ಲಿ ಸಲ್ಲದು. ಊರೂರಲ್ಲಿ ನಡೆಯುವುದು ಬೇರೆ.

ಬೇರೆ ದೇಶಗಳು ಒಂದೇ ದಾರಿ ಹಿಡಿದಿಲ್ಲ. ಆಸ್ಟ್ರೇಲಿಯಾ ಕಠಿಣ, ಅಲ್ಲಿ ನೆಲೆಸಿದ ಕನ್ನಡಿಗರು ಗೋಡೆಯ ಸಾಕೆಟ್ ಬದಲಿಸಲೂ ಪರವಾನಗಿದಾರರನ್ನು ಕರೆಯಬೇಕು. ಪಕ್ಕದ ನ್ಯೂಜಿಲೆಂಡಿನಲ್ಲಿ ಸ್ವಂತ ಮನೆಯ ಕೆಲವು ಕೆಲಸ ಮಾಲೀಕರೇ ಮಾಡಬಹುದು, ಕೆಲವಕ್ಕೆ ಪರಿಣತರ ಪರಿಶೀಲನೆ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ 2005ರಿಂದ ಮನೆಯ ವೈರಿಂಗನ್ನು ಕಟ್ಟಡ ನಿಯಮಗಳಡಿ ತಂದರೂ ಸಣ್ಣ ದುರಸ್ತಿಗಳನ್ನು ವರದಿ ಮಾಡಬೇಕಿಲ್ಲ. ಇತ್ತ ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗೆ ಸಮಿತಿ ಮಾಡಿತು. ವೈರು ಹೋದ ಮಾತ್ರಕ್ಕೆ ಒಳ್ಳೆಯ ಮಿಕ್ಸಿಯನ್ನು ಎಸೆಯಬಾರದು ಎಂಬ ನ್ಯಾಯವಾದ ಬೇಡಿಕೆ ಅದರ ಹಿಂದಿದೆ.

ಪಂಥಗಳು ಕೂಡುವ ಜಾಗ

ಇಷ್ಟೆಲ್ಲ ಭಿನ್ನಮತದ ನಡುವೆಯೂ ಕೆಲಸದ ಕ್ರಮದ ಬಗ್ಗೆ ಬಲ್ಲವರಲ್ಲಿ ಒಮ್ಮತವಿದೆ.

ಉಪಕರಣದ ವೈರು ನಡುವೆ ಹಾಳಾಗಿದ್ದರೆ ಪೂರ್ತಿ ಬದಲಿಸಬೇಕು, ಅದೇ ದಪ್ಪದ್ದು. ಲೋಹದ ಮೈಯ ಉಪಕರಣವಾದರೆ ಮೂರು ಎಳೆಯದೇ. ಹಾನಿ ಪ್ಲಗ್ಗಿನ ಬುಡದಲ್ಲಿದ್ದರೆ ಅಷ್ಟನ್ನು ಕತ್ತರಿಸಿ ಎಸೆದು ಉಳಿದ ವೈರಿಗೆ ಹೊಸ ಪ್ಲಗ್ ಹಾಕಬಹುದು, ಅಲ್ಲಿ ಗಂಟಿನ ಮಾತೇ ಇಲ್ಲ. ಪ್ಲಗ್ಗಿನೊಳಗೆ ಹಸಿರು ಅರ್ಥ್ ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಬೇಕು. ಯಾರಾದರೂ ಎಳೆದಾಗ ಕೊನೆಗೆ ಕಿತ್ತುಬರಬೇಕಾದದ್ದು ಅದು.

ಗೋಡೆಯ ವೈರಾದರೆ ಪರ್ಮಿಟ್ ಇರುವ ವೈರ್‌ಮ್ಯಾನ್ ಬರಲಿ. ಅವನು ಬಂದಾಗ ಏನು ನೋಡಬೇಕೆಂದು ಮನೆಯವರಿಗೆ ಗೊತ್ತಿರಬೇಕು. ಮೇನ್ ಆಫ್ ಮಾಡಿದರೆ ಸಾಲದು; ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಕರೆಂಟ್ ಹೋದಾಗ ಮನೆಗೆ ಬೆಳಕು ಕೊಡುವ ಅದೇ ಸಾಧನ ಮೇನ್ ಆಫ್ ಮಾಡಿದ ಮೇಲೂ ವೈರಿಗೆ ಕರೆಂಟ್ ಕೊಡುತ್ತದೆ. ಮೇನ್ ಮೇಲೆ ಯಾರೂ ಮುಟ್ಟದಂತೆ ಚೀಟಿ ಅಂಟಿಸಬೇಕು. ನಿಯಾನ್ ಟೆಸ್ಟರ್ ಒಂದನ್ನೇ ನಂಬಬಾರದು: ಒಣ ಚಪ್ಪಲಿ, ಮರದ ಸ್ಟೂಲ್, ಹಗಲಿನ ಬೆಳಕಿನಲ್ಲಿ ಅದರ ಮಿಣುಕು ಕಾಣದೇ ಹೋದೀತು. ಎರಡು ಕಡ್ಡಿಯ ಟೆಸ್ಟರನ್ನು ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಪರೀಕ್ಷಿಸಿ, ಆಮೇಲೆ ಕೆಲಸದ ವೈರು ನೋಡಿ, ಮತ್ತೆ ಟೆಸ್ಟರನ್ನೇ ಪರೀಕ್ಷಿಸುವುದು ಸರಿಯಾದ ಕ್ರಮ. ನ್ಯೂಟ್ರಲ್ ತುಂಡಾದಾಗ ಹೆಚ್ಚು ಎಚ್ಚರ ಬೇಕು. ಫ್ಯಾನ್ ತಿರುಗುವುದಿಲ್ಲ, ಬಲ್ಬ್ ಉರಿಯುವುದಿಲ್ಲ, ‘ಕರೆಂಟೇ ಇಲ್ಲ’ ಎನಿಸುತ್ತದೆ. ಆದರೆ ಸ್ವಿಚ್ ಆನ್ ಇದ್ದರೆ ಫೇಸ್ ಆ ಉಪಕರಣವನ್ನೇ ಹಾಯ್ದು ಬಂದು ತುಂಡಾದ ಕಪ್ಪು ವೈರಿನ ತುದಿಯಲ್ಲಿ ಕಾದಿರುತ್ತದೆ.

ಇಲಿ ಕಡಿದ ವೈರನ್ನು ಒಂದೇ ಜಾಗ ನೋಡಿ ಬಿಡುವಂತಿಲ್ಲ, ಉದ್ದಕ್ಕೂ ತಡವಿ ನೋಡಬೇಕು. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು. ಎರಡು ಬಾಕ್ಸಿನ ನಡುವೆ ಹೊಸ ವೈರು ಎಳೆಯಲು ಸಾಧ್ಯವಿದ್ದರೆ ಅದೇ ಮೊದಲ ಆಯ್ಕೆ. ಆಗದಿದ್ದರೆ ಹಾನಿಯ ಜಾಗದಲ್ಲೇ ಮುಚ್ಚಳದ ಜಂಕ್ಷನ್ ಬಾಕ್ಸ್ ಕೂರಿಸಿ, ಒಳ್ಳೆಯ ಕನೆಕ್ಟರಿನಲ್ಲಿ ಅದು ಕೇಳಿದಷ್ಟೇ ಉದ್ದ ಸುಲಿದು ಸೇರಿಸಿ, ಒಂದೊಂದನ್ನೂ ಎಳೆದು ನೋಡಬೇಕು. ಕರೆಂಟ್ ಕೊಡುವ ಮೊದಲು ಹೊದಿಕೆಯ ತಡೆ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ವೈರುಗಳ ನಡುವೆ, ಅರ್ಥಿಗೂ ವೈರಿಗೂ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಮೆಗ್ಗರ್ ಇಲ್ಲದೆ ಬಂದ ವೈರ್‌ಮ್ಯಾನ್‌ಗೆ ಅದನ್ನು ತರಲು ಹೇಳುವ ಹಕ್ಕು ಮನೆಯವರಿಗಿದೆ.

ತೀರ್ಮಾನವಾಗದೆ ಉಳಿದದ್ದು

ಸ್ಪ್ರಿಂಗ್ ಕನೆಕ್ಟರುಗಳು ಯುರೋಪಿನ ತಂಪು ಮನೆಗಳಲ್ಲಿ ಹೆಸರು ಗಳಿಸಿವೆ. ಕಲಬುರಗಿಯ ಬೇಸಿಗೆಯಲ್ಲಿ ತಾರಸಿಗೆ ತಾಗಿದ ಬಾಕ್ಸಿನಲ್ಲಿ, ಆಗುಂಬೆಯ ತೇವದಲ್ಲಿ, ಏರಿಳಿಯುವ ವೋಲ್ಟೇಜಿನಲ್ಲಿ ಅವು ಮೂವತ್ತು ವರ್ಷ ಬಾಳುತ್ತವೆಯೇ ಎಂಬುದನ್ನು ಇಲ್ಲಿಯ ಅನುಭವವೇ ಹೇಳಬೇಕು. ಹಳೆಯ ಅಲ್ಯೂಮಿನಿಯಂ ಮನೆಗಳನ್ನು ಬದಲಿಸುವ ಖರ್ಚು ಯಾರದು, ಬಾಡಿಗೆ ಮನೆಯಲ್ಲಿ ಮಾಲೀಕರದೇ ಬಾಡಿಗೆದಾರರದೇ ಎಂಬುದು ಮಾತಿಗೇ ಬಂದಿಲ್ಲ. ಮನೆಯವರಿಗೆ ಸಣ್ಣ ದುರಸ್ತಿ ಕಲಿಸಿದರೆ ಸಾವು ಇಳಿಯುತ್ತದೆ ಎನ್ನುವವರೂ, ಕಲಿಸಿದಷ್ಟೂ ಕೈಹಾಕುವವರು ಹೆಚ್ಚಿ ಸಾವು ಏರುತ್ತದೆ ಎನ್ನುವವರೂ ಇಬ್ಬರೂ ಊಹೆಯ ಮೇಲೆ ನಿಂತಿದ್ದಾರೆ.

ಊಹೆ ಯಾಕೆಂದರೆ ನಮ್ಮ ಲೆಕ್ಕದಲ್ಲಿ ಎಲ್ಲ ಸಾವೂ ವಿದ್ಯುದಾಘಾತ, ಎಲ್ಲ ಬೆಂಕಿಯೂ ಶಾರ್ಟ್ ಸರ್ಕಿಟ್. ಗಂಟು ಸಡಿಲವಾಗಿತ್ತೇ, ಉಪಕರಣದ ವೈರು ಸೀಳಿತ್ತೇ, ಬೋರ್ಡಿನಲ್ಲಿ ಆರ್‌ಸಿಸಿಬಿ ಇತ್ತೇ, ಇದ್ದರೆ ಬಿತ್ತೇ ಎಂಬುದು ಜನ ಓದುವ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಮನೆಯೊಳಗಿನ ಪ್ರತಿ ವಿದ್ಯುತ್ ಅವಘಡದ ತನಿಖೆಯಲ್ಲಿ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದು, ಹೆಸರು ವಿಳಾಸ ತೆಗೆದು, ವರ್ಷಕ್ಕೊಮ್ಮೆ ಪ್ರಕಟಿಸುವ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯವೂ ಎಸ್ಕಾಂಗಳೂ ಅಗ್ನಿಶಾಮಕ ಇಲಾಖೆಯೂ ಕೂಡಿ ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಓದುಗರು ತಮ್ಮ ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ನೋಡಲಿ, ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ಅದು ಬೀಳುತ್ತದೆಯೇ ಪರೀಕ್ಷಿಸಲಿ, ಬೀಳದಿದ್ದರೆ ಇವತ್ತೇ ಬದಲಿಸಲಿ.